ಭಗದತ್ತನ ದೂರದ ನಂಟ: ಜಾರ್ಜಿಯಾದ ಒಂದು ಮನೆಹೆಸರಿನ ಕತೆ

ಭಗದತ್ತ ಯಾರು ಅಂತ ಮಹಾಭಾರತದ ಕತೆ ಕೇಳಿ ಬೆಳೆದವರಿಗೆ ಹೇಳಬೇಕಿಲ್ಲ. ಪ್ರಾಗ್ಜ್ಯೋತಿಷದ ರಾಜ. ಸುಪ್ರತೀಕ ಎಂಬ ಆನೆ ಏರಿ ಕುರುಕ್ಷೇತ್ರಕ್ಕೆ ಬಂದು, ಕೊನೆಗೆ ಅರ್ಜುನನ ಬಾಣಕ್ಕೆ ಬಿದ್ದವನು. ಆ ಹೆಸರನ್ನು ಒಡೆದು ನೋಡಿ. ಭಗ ಅಂದರೆ ವೇದದ ಕಾಲದ ಒಬ್ಬ ದೇವರು, ಜನರಿಗೆ ಭಾಗ್ಯ ಹಂಚುವವನು. ದತ್ತ ಅಂದರೆ ಕೊಟ್ಟದ್ದು. ಗುರುದತ್ತ, ದೇವದತ್ತ ಇದ್ದ ಹಾಗೆ ಭಗದತ್ತ.

ಹಳೆಯ ಇರಾನಿನಲ್ಲಿ ‘ಬಗ’ ಅಂದರೆ ಯಾವುದೋ ಒಬ್ಬ ದೇವರಲ್ಲ, ದೇವರು ಅಂತಲೇ ಅರ್ಥ. ನಮ್ಮ ‘ಭ’ ಅವರ ಬಾಯಲ್ಲಿ ‘ಬ’ ಆಗುತ್ತದೆ, ಅಷ್ಟೇ ವ್ಯತ್ಯಾಸ. ದೇವರು ಕೊಟ್ಟ ಮಗುವಿಗೆ ಅವರು ‘ಬಗದಾತ’ ಅಂತ ಹೆಸರಿಡುತ್ತಿದ್ದರು. ಈ ಹೆಸರು ಇರಾನಿನಿಂದ ಆರ್ಮೇನಿಯಾಕ್ಕೆ ಹೋಗುವಷ್ಟರಲ್ಲಿ ಸವೆದು ‘ಬಗರತ್’ ಆಯಿತು. ನಡುವಿನ ‘ದ’ ದಾರಿಯಲ್ಲಿ ‘ರ’ ಆಗಿತ್ತು. ಪಕ್ಕದ ಜಾರ್ಜಿಯಾದಲ್ಲಿ ಇನ್ನೊಂದು ಸ್ವರವೂ ಉದುರಿ ‘ಬಗ್ರಾತ್’ ಅಂತ ಉಳಿಯಿತು. ಆ ಬಗ್ರಾತನ ಮನೆಯವರು ಬಗ್ರಾತಿಯೊನಿ. ಸುಮಾರು ಸಾವಿರ ವರ್ಷ ಜಾರ್ಜಿಯಾವನ್ನು ಆಳಿದ ಮನೆತನದ ಹೆಸರು ಇದು.

ಅಮೆರಿಕದಲ್ಲಿ ಜಾರ್ಜಿಯಾ ಅಂತ ಒಂದು ರಾಜ್ಯ ಇದೆ. ಇದು ಅದಲ್ಲ. ಕಪ್ಪು ಸಮುದ್ರದ ಪೂರ್ವ ದಂಡೆಯಲ್ಲಿ, ಕಾಕಸಸ್ ಬೆಟ್ಟಗಳ ಕೆಳಗೆ, ರಷ್ಯಾ, ಟರ್ಕಿ, ಆರ್ಮೇನಿಯಾ, ಅಜರ್‌ಬೈಜಾನ್‌ಗಳ ನಡುವೆ ಇರುವ ದೇಶ. ಕರ್ನಾಟಕದ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಜಾಗ. ಈಚೆಗೆ ಭಾರತದಿಂದ ಬಹಳ ಮಂದಿ ಎಂಬಿಬಿಎಸ್ ಓದಲು ಹೋಗುವ ತ್ಬಿಲಿಸಿ ಅದರ ರಾಜಧಾನಿ.

ಬಾಲ ನೋಡಿ ಊರು ಹೇಳುವುದು

ಬಗ್ರಾತಿಯೊನಿ ಎಷ್ಟು ಬೇರೆ ಥರದ ಹೆಸರು ಅಂತ ತಿಳಿಯಬೇಕಾದರೆ ಉಳಿದ ಜಾರ್ಜಿಯನ್ ಮನೆಹೆಸರುಗಳು ಹೇಗಿರುತ್ತವೆ ಅಂತ ಮೊದಲು ನೋಡಬೇಕು. ಅಲ್ಲಿ ಮನೆಹೆಸರಿಗೆ ಒಂದು ಬಾಲ ಇರುತ್ತದೆ. ಆ ಬಾಲ ಆ ಮನೆತನ ಯಾವ ಸೀಮೆಯಿಂದ ಬಂತು ಅಂತ ಹೇಳಿಬಿಡುತ್ತದೆ.

‘ಶ್ವಿಲಿ’ ಅಂದರೆ ಮಗು. ಇದು ಪೂರ್ವ ಜಾರ್ಜಿಯಾದ ಬಾಲ. ಅಧ್ಯಕ್ಷರಾಗಿದ್ದ ಸಾಕಾಶ್ವಿಲಿ ಅವರ ಹೆಸರು ಹೀಗೆ ಆದದ್ದು. ಸ್ಟಾಲಿನ್ ಹುಟ್ಟಿದಾಗ ಇದ್ದ ಹೆಸರು ಜುಗಾಶ್ವಿಲಿ. ‘ಡ್ಜೆ’ ಅಂದರೆ ಮಗ. ಇದು ಹೆಚ್ಚಾಗಿ ಪಶ್ಚಿಮದ್ದು. ಶೆವಾರ್ಡ್‌ನಾಡ್ಜೆ ಅನ್ನುವುದರಲ್ಲಿ ಗಿಡುಗ ಹಕ್ಕಿ ಇದೆ, ಅಂದರೆ ಗಿಡುಗನ ಮಗ. ಜಾರ್ಜಿಯಾದಲ್ಲಿ ಎಲ್ಲಕ್ಕಿಂತ ಜಾಸ್ತಿ ಜನರಿಗೆ ಇರುವ ಮನೆಹೆಸರು ಬೆರಿಡ್ಜೆ. ‘ಬೆರಿ’ ಅಂದರೆ ಸನ್ಯಾಸಿ. ಸನ್ಯಾಸಿಯ ಮಕ್ಕಳು ಇಷ್ಟೊಂದು ಮಂದಿ ಹೇಗಾದರು ಅಂತ ಕೇಳಬೇಡಿ!

ಕಪ್ಪು ಸಮುದ್ರದ ಹತ್ತಿರದ ಮಿಂಗ್ರೇಲಿಯಾ ಸೀಮೆಯಲ್ಲಿ ‘ಇಯಾ’, ‘ಅವಾ’ ಬಾಲಗಳು. ಫುಟ್‌ಬಾಲ್ ನೋಡುವವರಿಗೆ ಕ್ವಾರಾತ್ಸ್‌ಖೇಲಿಯಾ ಗೊತ್ತಿರುತ್ತದೆ. ಬಾಯಿಗೆ ಹಿಡಿಯದ ಆ ಹೆಸರು ಅಲ್ಲಿನದೇ ಧಾಟಿ. ಎತ್ತರದ ಸ್ವಾನೇತಿ ಕಣಿವೆಗಳವರದು ‘ಇಯಾನಿ’. ಊರಿನಿಂದ ಬಂದ ಹೆಸರಿಗೆ ‘ಎಲಿ’ ಸೇರುತ್ತದೆ. ರುಸ್ತವಿಯವನು ರುಸ್ತವೇಲಿ. ನಮ್ಮ ಕರಾವಳಿಯ ‘ಕರ್’ ಮಾಡುವ ಕೆಲಸವನ್ನೇ ಇದು ಅಲ್ಲಿ ಮಾಡುತ್ತದೆ.

ಆದರೆ ಈ ಬಾಲ ಅಜ್ಜನ ಅಜ್ಜನ ಊರನ್ನು ಹೇಳುತ್ತದೆ, ಈಗಿನವರದ್ದಲ್ಲ. ಚೆಸ್‌ನಲ್ಲಿ 1962ರಿಂದ 1978ರವರೆಗೆ ವಿಶ್ವ ಮಹಿಳಾ ಚಾಂಪಿಯನ್ ಆಗಿದ್ದ ನೋನಾ ಗಾಪ್ರಿಂದಾಶ್ವಿಲಿ ಹುಟ್ಟಿದ್ದು ಪಶ್ಚಿಮದ ಜುಗ್ದಿದಿಯಲ್ಲಿ. ಹೆಸರಿನ ಬಾಲ ಪೂರ್ವದ್ದು.

ಈಗ ಬಗ್ರಾತಿಯೊನಿ ನೋಡಿ. ಶ್ವಿಲಿ ಇಲ್ಲ, ಡ್ಜೆ ಇಲ್ಲ, ಎಲಿಯೂ ಇಲ್ಲ. ಹಳೆಯ ಬರಹಗಳಲ್ಲಿ ‘ಬಗ್ರಾತೊನಿಯಾನಿ’ ಅಂತಲೂ ಸಿಗುತ್ತದೆ. ಇದಕ್ಕೆ ತೀರಾ ಹತ್ತಿರದ ರೂಪ ಸಿಗುವುದು ಆರ್ಮೇನಿಯಾದಲ್ಲಿ. ಅಲ್ಲಿನ ದೊಡ್ಡ ಮನೆತನಗಳ ಹೆಸರು ‘ಉನಿ’ ಅಂತ ಮುಗಿಯುತ್ತಿತ್ತು: ಆರ್ತ್ಸ್‌ರುನಿ, ರ್‌ಷ್ಟುನಿ, ಮತ್ತು ಬಗ್ರಾತುನಿ. ಜಾರ್ಜಿಯಾದ ಚರಿತ್ರೆಯಲ್ಲೇ ಅತಿ ಜಾರ್ಜಿಯನ್ ಅನ್ನಿಸಿಕೊಂಡ ಮನೆಗೆ ಇರುವುದು ಇರಾನಿನ ಹೆಸರು, ಅದಕ್ಕೆ ಅಂಟಿದ್ದು ಆರ್ಮೇನಿಯಾದ ಬಾಲ. ಜಗಳ ಶುರುವಾಗುವುದು ಇಲ್ಲೇ.

ಇವರು ಯಾರ ಮಕ್ಕಳು?

ಒಂದು ಕಡೆಯವರು ಹೇಳುವುದು ಹೀಗೆ. ಬಗ್ರಾತುನಿಗಳು ಆರ್ಮೇನಿಯಾದ ಹಳೆಯ ಸರದಾರರ ಮನೆತನ. ಹೊಸ ರಾಜನ ತಲೆಗೆ ಕಿರೀಟ ಇಡುವ ಹಕ್ಕು ತಲೆಮಾರಿನಿಂದ ಅವರದು. ಈಗಿನ ಟರ್ಕಿಯ ಈಶಾನ್ಯದಲ್ಲಿರುವ ಸ್ಪೇರ್ ಅವರ ಹಳೆಯ ನೆಲೆ. 775ರಲ್ಲಿ ಅರಬರ ವಿರುದ್ಧ ಎದ್ದ ಆರ್ಮೇನಿಯನ್ನರ ದಂಗೆ ಬಗ್ರೆವಂದ್ ಎಂಬಲ್ಲಿ ಮುರಿದುಬಿತ್ತು. ಆ ಮನೆತನದ ಒಂದು ಕವಲಿನ ಅದರ್ನಾಸೆ ಎಂಬವನು ಜಾರ್ಜಿಯಾದ ಕಡೆಗೆ ಬಂದು ನೆಲೆಸಿದ. ಅವನ ಮಗ ಅಷೋತ್ 813ರಲ್ಲಿ ಅಲ್ಲಿನ ಪ್ರಭುವಾದ. ಬೈಜಾಂಟಿಯಮ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಅವನಿಗೆ ‘ಕುರೋಪಲಾತೆಸ್’ ಎಂಬ ಬಿರುದು ಕೊಟ್ಟ. ಅಷೋತ್ ಹಾಳುಬಿದ್ದಿದ್ದ ಅರ್ತಾನುಜಿ ಕೋಟೆಯನ್ನು ಮತ್ತೆ ಕಟ್ಟಿ ಅಲ್ಲಿಂದ ಆಳಿದ. ಈ ವಂಶವೃಕ್ಷವನ್ನು 20ನೇ ಶತಮಾನದಲ್ಲಿ ಎಳೆ ಎಳೆಯಾಗಿ ಬಿಡಿಸಿದವರು ಇತಿಹಾಸಕಾರ ಸಿರಿಲ್ ತುಮಾನೋಫ್.

ಕೆಲವು ಜಾರ್ಜಿಯನ್ ವಿದ್ವಾಂಸರಿಗೆ ಇದು ಹಿಡಿಸಲಿಲ್ಲ. ಮನೆತನ ಇಲ್ಲಿಯದೇ, ಇನ್ನೂ ಹಳೆಯ ಜಾರ್ಜಿಯನ್ ರಾಜರ ಕುಡಿ ಅಂತ ಅವರು ವಾದ ಮಾಡಿದರು. ನನಗೆ ತುಮಾನೋಫ್ ಹೇಳಿದ್ದೇ ಗಟ್ಟಿ ಅನ್ನಿಸುತ್ತದೆ. ಅಷೋತ್, ಬಗ್ರಾತ್ ಅನ್ನುವ ಹೆಸರುಗಳು ಎರಡೂ ಕಡೆ ಅಜ್ಜ ಮೊಮ್ಮಗ ಅಂತ ಮತ್ತೆ ಮತ್ತೆ ಬರುವುದು ಸುಮ್ನೆ ಅಲ್ಲ. ಆಗಿನ ಕಾಕಸಸ್‌ನಲ್ಲಿ ಸರದಾರರ ಮನೆಗಳು ಗಡಿ ನೋಡಿ ಮದುವೆ ಮಾಡುತ್ತಿರಲಿಲ್ಲ. ಇವನು ಆರ್ಮೇನಿಯನ್, ಅವನು ಜಾರ್ಜಿಯನ್ ಅನ್ನುವ ಈಗಿನ ಗೆರೆಯನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಅದು ಎಲ್ಲೋ ಒಂದು ಕಡೆ ಮಸುಕಾಗುತ್ತದೆ.

ಆ ರಾಜರನ್ನೇ ಕೇಳಿದ್ದರೆ ಅವರು ಈ ಎರಡೂ ಉತ್ತರ ಕೊಡುತ್ತಿರಲಿಲ್ಲ. ನಾವು ಬೈಬಲ್ಲಿನ ದಾವೀದ ರಾಜನ ಸಂತಾನ ಅನ್ನುತ್ತಿದ್ದರು. ದಾವೀದನ ವಂಶದ ಏಳು ಜನ ಅಣ್ಣತಮ್ಮಂದಿರು ಪ್ಯಾಲೆಸ್ತೀನಿನಿಂದ ಹೊರಟು ಬಂದರು ಎಂಬ ಕತೆಯನ್ನು 11ನೇ ಶತಮಾನದ ಸುಂಬಾತ್ ಎಂಬ ಚರಿತ್ರೆಕಾರ ಬರೆದಿಟ್ಟಿದ್ದಾನೆ. ಅದಕ್ಕೂ ಹಿಂದೆ, 10ನೇ ಶತಮಾನದಲ್ಲಿ, ಬೈಜಾಂಟಿಯಮ್‌ನ ಚಕ್ರವರ್ತಿ ಏಳನೆಯ ಕಾನ್‌ಸ್ಟಂಟೈನ್ ಕೂಡ, ಇವರು ಹೀಗೆ ಹೇಳಿಕೊಳ್ಳುತ್ತಾರೆ ಅಂತ ಟಿಪ್ಪಣಿ ಮಾಡಿದ್ದ. ಆರ್ಮೇನಿಯಾದಲ್ಲೂ ಇಂಥದ್ದೇ ಕತೆ ಇತ್ತು. ಬಗ್ರಾತುನಿಗಳ ಮೂಲಪುರುಷ ಸೆರೆಸಿಕ್ಕ ಒಬ್ಬ ಯಹೂದಿ ಅಂತ ಅಲ್ಲಿನ ಮೊವ್ಸೆಸ್ ಖೊರೆನಾತ್ಸಿ ಬರೆದಿದ್ದ. ಕತೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಸೆರೆಯಾಳು ರಾಜಪುತ್ರನಾದ, ಅಷ್ಟೇ.

ದಾವೀದನ ವಂಶ ಅಂದರೆ ಯೇಸುವಿನ ವಂಶವೂ ಆಯಿತಲ್ವಾ? ಸುತ್ತ ದೊಡ್ಡ ಸಾಮ್ರಾಜ್ಯಗಳಿದ್ದಾಗ ಒಂದು ಪುಟ್ಟ ಕ್ರಿಶ್ಚಿಯನ್ ರಾಜಮನೆಗೆ ಇದಕ್ಕಿಂತ ಒಳ್ಳೆಯ ಗುರುತಿನ ಚೀಟಿ ಬೇಕಿರಲಿಲ್ಲ. ನಮ್ಮಲ್ಲೂ ಯದುವಂಶ, ಚಂದ್ರವಂಶ ಅಂತ ಶಾಸನಗಳಲ್ಲಿ ಬರೆಸಿಕೊಂಡ ರಾಜರಿಗೆ ಕೊರತೆಯಿಲ್ಲ. ಬಗ್ರಾತಿಯೊನಿಗಳ ಲಾಂಛನದಲ್ಲಿ ಇವತ್ತಿಗೂ ದಾವೀದನ ಕವಣೆ ಇದೆ, ಅವನ ತಂತಿವಾದ್ಯ ಇದೆ, ಸೊಲೊಮೋನನ ತಕ್ಕಡಿ ಇದೆ, ಯೇಸುವಿನ ಹೊಲಿಗೆಯಿಲ್ಲದ ಅಂಗಿ ಇದೆ. ಕಡೆಕಡೆಗೆ ಅವರ ಪೂರ್ತಿ ಬಿರುದು ‘ಇಯೆಸಿಯಾನ್, ದಾವಿತಿಯಾನ್, ಸೊಲೊಮೋನಿಯಾನ್, ಬಗ್ರಾತಿಯೊನಿ’ ಅಂತಾಗಿತ್ತು. ಮೊದಲ ಮೂರು ಬೈಬಲ್ಲಿನ ಅಪ್ಪ, ಮಗ, ಮೊಮ್ಮಗ: ಇಷಯ, ದಾವೀದ, ಸೊಲೊಮೋನ. ಕೊನೆಯದು ನಮ್ಮ ಭಗದತ್ತನ ನಂಟ.

ಅಪ್ಪನ ಹೆಸರು, ಅಮ್ಮನ ರಾಜ್ಯ

ಮನೆಹೆಸರು ಅಪ್ಪನಿಂದ ಮಗನಿಗೆ ಹೋಗುತ್ತದೆ. ಆದರೆ ಈ ಮನೆತನದ ದೊಡ್ಡ ತಿರುವುಗಳನ್ನು ನೋಡಿದರೆ ಅಲ್ಲೆಲ್ಲ ಒಬ್ಬ ಹೆಂಗಸು ನಿಂತಿರುತ್ತಾಳೆ.

ಜಾರ್ಜಿಯಾ ಮೊದಲು ಒಂದು ದೇಶವಾಗಿರಲಿಲ್ಲ, ಹಲವು ತುಂಡುಗಳಿದ್ದವು. ಅವನ್ನು ಸೇರಿಸಿದವನು ಮೂರನೆಯ ಬಗ್ರಾತ್. ಪಶ್ಚಿಮದ ಅಬ್ಖಾಜಿಯಾ ರಾಜ್ಯ ಅವನಿಗೆ 978ರಲ್ಲಿ ಸಿಕ್ಕಿದ್ದು ಅಮ್ಮ ಗುರಂದುಖ್ತ್ ಕಡೆಯಿಂದ. ಸೋದರಮಾವನಿಗೆ ಮಕ್ಕಳಿರಲಿಲ್ಲ, ಕಣ್ಣೂ ಇರಲಿಲ್ಲ. ತಾವೊ ಸೀಮೆಯ ದಾವಿತ್ ಎಂಬ ಬಲಿಷ್ಠ ರಾಜ ಬಗ್ರಾತನನ್ನು ದತ್ತು ತೆಗೆದುಕೊಂಡಿದ್ದ. 1008ರಲ್ಲಿ ಅಪ್ಪ ತೀರಿಕೊಂಡಾಗ ಅಪ್ಪನ ಪಾಲೂ ಬಂತು. ಹಾಗಾಗಿ ಒಂದಾದ ಜಾರ್ಜಿಯಾದ ಮೊದಲ ರಾಜ ಅವನೇ. ಕುತೈಸಿ ಊರಿನ ಗುಡ್ಡದ ಮೇಲೆ ಅವನ ಹೆಸರಿನ ದೊಡ್ಡ ಚರ್ಚ್ ಇದೆ. 1994ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತ್ತು. ಆಮೇಲೆ ಹಾಳಾದ ಭಾಗಗಳನ್ನು ಹೊಸದಾಗಿ ಕಟ್ಟಿದ್ದು ಜಾಸ್ತಿಯಾಯಿತು ಅಂತ 2017ರಲ್ಲಿ ಪಟ್ಟಿಯಿಂದ ಹೊರಗೆ ಬಿತ್ತು.

ಅವನ ನಂತರದ ದೊಡ್ಡ ಹೆಸರು ನಾಲ್ಕನೆಯ ದಾವಿತ್, 1089ರಿಂದ 1125ರವರೆಗೆ ಆಳಿದವನು. ಜನ ಅವನನ್ನು ‘ಕಟ್ಟಿದವನು’ ಅಂತಲೇ ಕರೆಯುತ್ತಾರೆ. 1121ರಲ್ಲಿ ದಿದ್ಗೋರಿಯಲ್ಲಿ ಸೆಲ್ಜೂಕ್ ತುರ್ಕರ ದಂಡನ್ನು ಮುರಿದ, ಮರುವರ್ಷ ತ್ಬಿಲಿಸಿ ಹಿಡಿದ. ಗೆಲಾತಿ ಮಠದ ಹೆಬ್ಬಾಗಿಲಲ್ಲಿ ಅವನ ಗೋರಿಕಲ್ಲು ಇದೆ. ಬರುವವರೆಲ್ಲ ತನ್ನನ್ನು ತುಳಿದು ಒಳಗೆ ಹೋಗಲಿ ಅಂತ ಅವನೇ ಬಯಸಿದ್ದನಂತೆ.

ಅವನ ಮರಿಮಗಳು ತಾಮರ್ ಆಳಿದ್ದು 1184ರಿಂದ 1213ರವರೆಗೆ. ಅವಳನ್ನು ರಾಣಿ ಅನ್ನಲಿಲ್ಲ, ‘ಮೆಪೆ’ ಅಂದರು. ಮೆಪೆ ಅಂದರೆ ರಾಜ. ಜಾರ್ಜಿಯನ್ ಭಾಷೆಯಲ್ಲಿ ಅವನು, ಅವಳು ಅಂತ ಬೇರೆ ಬೇರೆ ಪದವೇ ಇಲ್ಲ, ಹಾಗಾಗಿ ಇದು ಅಲ್ಲಿನ ಕಿವಿಗೆ ಅಷ್ಟೇನೂ ಒರಟಾಗಿ ಕೇಳಿರಲಿಕ್ಕಿಲ್ಲ. ಮೊದಲ ಗಂಡ ರಷ್ಯಾ ಕಡೆಯ ರಾಜಕುಮಾರ ಯೂರಿ. ಅವನನ್ನು ಬಿಟ್ಟಳು. ಎರಡನೆಯವನು ಒಸೆಟಿಯಾದ ದಾವಿತ್ ಸೊಸ್ಲಾನ್. ಮಕ್ಕಳು ಹುಟ್ಟಿದ್ದು ಇವನಿಂದ. ಈಗ ಒಂದು ತೊಡಕು. ಮನೆಹೆಸರು ಅಪ್ಪನದು ಅನ್ನುವುದಾದರೆ ತಾಮರಳ ಮಕ್ಕಳು ಬಗ್ರಾತಿಯೊನಿ ಆಗುವುದು ಹೇಗೆ? ಅದಕ್ಕೂ ಉತ್ತರ ಸಿಕ್ಕಿತು. ಸೊಸ್ಲಾನ್ ಕೂಡ ಹಿಂದೊಮ್ಮೆ ಒಸೆಟಿಯಾಕ್ಕೆ ಹೋಗಿ ನೆಲೆಸಿದ ಒಬ್ಬ ಬಗ್ರಾತಿಯೊನಿ ರಾಜಕುಮಾರನ ಸಂತತಿ ಎಂಬ ವಂಶಾವಳಿ ಬಂತು. ನಿಜವೂ ಇರಬಹುದು. ಬೇಕಾದ ಹೊತ್ತಿಗೆ ಸರಿಯಾಗಿ ಸಿಕ್ಕಿತು ಅನ್ನುವುದಂತೂ ನಿಜ.

ಮಂಗೋಲರು ಬಂದರು, ತೈಮೂರ್ ಬಂದ. 15ನೇ ಶತಮಾನದ ಕೊನೆಗೆ ರಾಜ್ಯ ಮೂರು ಹೋಳಾಯಿತು: ಕಾರ್ತ್ಲಿ, ಕಾಖೇತಿ, ಇಮೆರೇತಿ. ಮೂರರಲ್ಲೂ ಬಗ್ರಾತಿಯೊನಿಗಳೇ. ದಾಯಾದಿ ಜಗಳಕ್ಕೆ ಬರವಿರಲಿಲ್ಲ. ಕಾರ್ತ್ಲಿಯ ಒಂದು ಕಿರಿಯ ಕವಲಿಗೆ ಮುಖ್ರಾನಿ ಸೀಮೆ ಜಹಗೀರಾಗಿ ಸಿಕ್ಕಿ, ಅದೂ ಹೆಸರಿಗೆ ಅಂಟಿಕೊಂಡಿತು.

ಸಿಂಹಾಸನ ಹೋದ ಮೇಲೆ ಮನೆಹೆಸರು

ಆಳುವ ರಾಜನಿಗೆ ಮನೆಹೆಸರು ಬೇಕಾಗುವುದಿಲ್ಲ. ತಾಮರ್ ಅಂದರೆ ಸಾಕಿತ್ತು. ಬಗ್ರಾತಿಯೊನಿ ಎಂಬುದು ನಾವು ಇವತ್ತು ಅರ್ಜಿಯಲ್ಲಿ ತುಂಬಿಸುವ ಅರ್ಥದ ಮನೆಹೆಸರಾಗಿದ್ದು ರಾಜ್ಯ ಹೋದ ಮೇಲೆ.

ಹೋದದ್ದು ಹೀಗೆ. ಕಾರ್ತ್ಲಿ ಮತ್ತು ಕಾಖೇತಿಯನ್ನು ಒಟ್ಟುಗೂಡಿಸಿದ ಎರಡನೆಯ ಎರೆಕ್ಲೆ 1783ರಲ್ಲಿ ರಷ್ಯಾದ ಜೊತೆ ಗಿಯೋರ್ಗಿಯೆವ್‌ಸ್ಕ್ ಒಪ್ಪಂದ ಮಾಡಿಕೊಂಡ. ಇರಾನ್ ದಾಳಿ ಮಾಡಿದರೆ ರಷ್ಯಾ ಕಾಯಬೇಕು ಅನ್ನುವುದು ಮಾತು. 1795ರಲ್ಲಿ ಇರಾನಿನ ಆಗಾ ಮಹಮ್ಮದ್ ಖಾನ್ ಬಂದು ತ್ಬಿಲಿಸಿಯನ್ನು ಸೂರೆ ಮಾಡಿದ. ಊರು ಉರಿಯುವಾಗ ರಷ್ಯಾದ ಸೈನ್ಯ ಬರಲಿಲ್ಲ. ಎರೆಕ್ಲೆ ತೀರಿಕೊಂಡ, ಅವನ ಮಗ ಹನ್ನೆರಡನೆಯ ಗಿಯೋರ್ಗಿ 1800ರ ಕೊನೆಯಲ್ಲಿ ಸತ್ತ. 1801ರಲ್ಲಿ ರಷ್ಯಾ ಆ ರಾಜ್ಯವನ್ನೇ ನುಂಗಿತು. ಕಾಯಬೇಕಾದವರೇ ಮನೆ ಬರೆಸಿಕೊಂಡರು. ಇಮೆರೇತಿಯ ಸರದಿ 1810ರಲ್ಲಿ ಬಂತು.

ರಾಜಮನೆಯವರು ಊರಲ್ಲಿದ್ದರೆ ತಲೆನೋವು ಅಂತ ಅವರನ್ನೆಲ್ಲ ರಷ್ಯಾಕ್ಕೆ ಸಾಗಿಸುವ ಆಜ್ಞೆ ಬಂತು. 1803ರ ಏಪ್ರಿಲ್‌ನಲ್ಲಿ ಗಿಯೋರ್ಗಿಯ ವಿಧವೆ ಮರಿಯಮ್‌ಳನ್ನು ಕರೆದೊಯ್ಯಲು ಜನರಲ್ ಲಾಜರೆವ್ ಅವಳ ಕೋಣೆಗೇ ಬಂದ. ಅವಳು ಕಠಾರಿ ತೆಗೆದು ಚುಚ್ಚಿದಳು, ಅವನು ಅಲ್ಲೇ ಸತ್ತ. ಅವಳನ್ನು ರಷ್ಯಾದ ಮಠವೊಂದರಲ್ಲಿ ವರ್ಷಗಟ್ಟಲೆ ಕೂಡಿಹಾಕಿದರು. ತೀರಿಕೊಂಡಿದ್ದು 1850ರಲ್ಲಿ, ಮಾಸ್ಕೋದಲ್ಲಿ.

ರಷ್ಯಾದ ಕಚೇರಿಗಳು ಮನೆತನದ ಕವಲುಗಳಿಗೆ ಹೊಸ ಹೆಸರು ಕೊಟ್ಟವು. ಕೊನೆಯ ರಾಜರ ಮಕ್ಕಳು, ಮೊಮ್ಮಕ್ಕಳಿಗೆ ‘ಗ್ರುಜಿನ್‌ಸ್ಕಿ’. ಅದರ ಅರ್ಥ ‘ಜಾರ್ಜಿಯಾದವನು’ ಅಂತ, ಅಷ್ಟೇ. ಇಮೆರೇತಿಯವರಿಗೆ ‘ಇಮೆರೆತಿನ್‌ಸ್ಕಿ’. ಮುಖ್ರಾನಿ ಕವಲಿಗೆ ‘ಬಗ್ರಾತಿಯೊನ್ ಮುಖ್ರಾನ್‌ಸ್ಕಿ’. ಸಾವಿರ ವರ್ಷ ಆಳಿದವರನ್ನು ನೀನು ಯಾವ ಊರಿನವನಯ್ಯಾ ಅಂತ ಕೇಳಿ ಬರೆದುಕೊಂಡ ಹಾಗಿದೆ. ಹಾಗಾಗಿ ಹಳೆಯ ದಾಖಲೆಯಲ್ಲಿ ಬಗ್ರಾತಿಯೊನಿಗಳನ್ನು ಹುಡುಕುವವರು ಬರೀ ‘ಬ’ ಅಕ್ಷರದಲ್ಲಿ ಹುಡುಕಿದರೆ ಸಾಲದು.

ಇಬ್ಬರು ಪ್ಯೋತರ್

ಹೊರಗಿನ ಪ್ರಪಂಚಕ್ಕೆ ಈ ಹೆಸರು ಗೊತ್ತಾಗಿದ್ದು ರಾಜರಿಂದಲ್ಲ, ಒಬ್ಬ ಸೈನಿಕನಿಂದ. ಪ್ಯೋತರ್ ಬಗ್ರಾತಿಯೊನ್ ಹುಟ್ಟಿದ್ದು 1765ರಲ್ಲಿ. ಅವನ ತಾತ ಕಾರ್ತ್ಲಿಯ ರಾಜ ಇಯೆಸೆಯ ಮದುವೆಯಾಚೆಯ ಮಗ, ದೇಶ ಬಿಟ್ಟು ರಷ್ಯಾ ಸೇರಿದವನು. ಮೊಮ್ಮಗ ಸಿಪಾಯಿಗಿರಿಯಿಂದ ಮೇಲೆ ಬಂದು ಜನರಲ್ ಆದ. 1805ರಲ್ಲಿ ಆಸ್ಟ್ರಿಯಾದ ಶ್ಯೋನ್‌ಗ್ರಾಬರ್ನ್ ಎಂಬಲ್ಲಿ ಆರೇಳು ಸಾವಿರ ಜನರನ್ನು ಇಟ್ಟುಕೊಂಡು ಹಲವು ಪಟ್ಟು ದೊಡ್ಡ ಫ್ರೆಂಚ್ ದಂಡನ್ನು ತಡೆದು ನಿಲ್ಲಿಸಿದ. ಅಷ್ಟರಲ್ಲಿ ರಷ್ಯಾದ ಮುಖ್ಯ ಸೈನ್ಯ ತಪ್ಪಿಸಿಕೊಂಡಿತು. 1812ರ ಸೆಪ್ಟೆಂಬರ್ 7ರಂದು ಬೊರೊದಿನೊ ಯುದ್ಧದಲ್ಲಿ ಕಾಲಿಗೆ ಪೆಟ್ಟು ಬಿತ್ತು. ಗಾಯ ಕೊಳೆತು, ಎರಡೂವರೆ ವಾರದಲ್ಲಿ ಸಿಮಿ ಎಂಬ ಹಳ್ಳಿಯಲ್ಲಿ ತೀರಿಕೊಂಡ.

ಇವನ ಹೆಸರಿನ ಮೇಲೆ ರಷ್ಯಾದ ಕವಿ ದೆರ್ಝಾವಿನ್ ಒಂದು ಶ್ಲೇಷೆ ಕಟ್ಟಿದ. ಹೆಸರನ್ನು ಮೂರು ತುಂಡು ಮಾಡಿ ‘ಬೋಗ್ ರತಿ ಓನ್’ ಅಂದ. ರಷ್ಯನ್‌ನಲ್ಲಿ ಅದರ ಅರ್ಥ ‘ದಂಡಿನ ದೇವರು ಇವನು’. ತಮಾಷೆಗೆ ಕಟ್ಟಿದ್ದು. ಆದರೆ ರಷ್ಯನ್ ‘ಬೋಗ್’, ಇರಾನಿನ ‘ಬಗ’, ನಮ್ಮ ‘ಭಗ’ ಮೂರೂ ನಂಟರೇ. ಬೋಗ್ದಾನ್ ಎಂಬ ಸ್ಲಾವಿಕ್ ಹೆಸರಿನ ಅರ್ಥವೂ ‘ದೇವರು ಕೊಟ್ಟವನು’ ಅಂತಲೇ. ಕವಿಗೆ ಗೊತ್ತಿಲ್ಲದೆ ಶ್ಲೇಷೆಯ ಮೊದಲ ತುಂಡು ವ್ಯುತ್ಪತ್ತಿಯ ಪ್ರಕಾರವೂ ಸರಿಯಾಗಿಬಿಟ್ಟಿದೆ!

1839ರಲ್ಲಿ ಅವನ ಶವಪೆಟ್ಟಿಗೆಯನ್ನು ಬೊರೊದಿನೊ ಯುದ್ಧಭೂಮಿಗೆ ತಂದು ಹೂಳಿದರು. 1932ರಲ್ಲಿ ಸೋವಿಯತ್ ಕಾಲದಲ್ಲಿ ಆ ಸ್ಮಾರಕವನ್ನು, ಗೋರಿಯ ಸಮೇತ, ಸ್ಫೋಟಿಸಿದರು. ಹನ್ನೆರಡು ವರ್ಷ ಕಳೆಯಿತು. 1944ರ ಜೂನ್‌ನಲ್ಲಿ ಬೆಲಾರುಸ್‌ನಲ್ಲಿ ಜರ್ಮನರ ಮೇಲೆ ಕೆಂಪು ಸೇನೆ ಬಹುದೊಡ್ಡ ದಾಳಿ ಮಾಡಿತು. ಜರ್ಮನಿಯ ಸುಮಾರು 28 ಡಿವಿಷನ್‌ಗಳು ನಾಶವಾದವು. ಜುಲೈ 3ಕ್ಕೆ ಮಿನ್ಸ್ಕ್ ಕೈಗೆ ಬಂತು. ಆ ದಾಳಿಗೆ ಜುಗಾಶ್ವಿಲಿಯ ಮನೆಯ ಸ್ಟಾಲಿನ್ ಇಟ್ಟ ಹೆಸರು ‘ಬಗ್ರಾತಿಯೊನ್ ಕಾರ್ಯಾಚರಣೆ’. ಗೋರಿ ಬೇಡವಾಗಿತ್ತು, ಹೆಸರು ಬೇಕಿತ್ತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಜರ್ಮನರಿಂದ ಕಿತ್ತುಕೊಂಡ ಐಲಾವ್ ಊರಿಗೂ ಬಗ್ರಾತಿಯೊನೊವ್‌ಸ್ಕ್ ಅಂತ ಹೆಸರಿಟ್ಟರು. 1807ರಲ್ಲಿ ಅವನು ಅಲ್ಲಿ ಕಾದಾಡಿದ್ದ. ಒಡೆದ ಸ್ಮಾರಕವನ್ನು ಮತ್ತೆ ನಿಲ್ಲಿಸಿದ್ದು 1987ರಲ್ಲಿ.

ಜನರಲ್‌ನ ತಮ್ಮ ರೊಮಾನ್. ಅವನ ಮಗನೂ ಪ್ಯೋತರ್. ಈ ಎರಡನೆಯ ಪ್ಯೋತರ್ 1818ರಲ್ಲಿ ಹುಟ್ಟಿದವನು, ಅವನೂ ಸೈನ್ಯದಲ್ಲಿದ್ದವನು, ಆದರೆ ಮನಸ್ಸು ರಸಾಯನಶಾಸ್ತ್ರದಲ್ಲಿ. 1840ರ ದಶಕದ ಮೊದಲಲ್ಲಿ ಒಂದು ಥರದ ಒಣ ಬ್ಯಾಟರಿ ಮಾಡಿದ. ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗುತ್ತದೆ ಅಂತ ಪ್ರಯೋಗ ಮಾಡಿ ಬರೆದ. ಬಗ್ರಾತಿಯೊನೈಟ್ ಅಂತ ಒಂದು ಖನಿಜಕ್ಕೂ ಅವನ ಹೆಸರಿಟ್ಟರು. ಸೈನೈಡ್‌ನಿಂದ ಅದಿರಿನ ಚಿನ್ನ ತೆಗೆಯುವ ವ್ಯಾಪಾರದ ವಿಧಾನ ಬಂದದ್ದು ಆಮೇಲೆ, 1887ರಲ್ಲಿ, ಸ್ಕಾಟ್ಲೆಂಡಿನವರಿಂದ. ಕೋಲಾರದ ಗಣಿಗಳಿಗೂ ಅದೇ ವಿಧಾನ ಬಂತು. ಕೆಜಿಎಫ್‌ನಲ್ಲಿ ಜನ ಸೈನೈಡ್ ದಿಬ್ಬ ಅಂತ ಕರೆಯುವ ಆ ಬೂದು ಗುಡ್ಡಗಳು ಅದರದೇ ಉಳಿಕೆ. ಗಾಳಿ ಬೀಸಿದಾಗ ಅದರ ಧೂಳು ತಿಂದ ಊರಿನವರಿಗೆ ಈ ರಾಜಕುಮಾರನ ಹೆಸರು ಗೊತ್ತಿರಬೇಕಾದ್ದೇನಿಲ್ಲ. ಆದರೂ ಆ ರಸಾಯನದ ಮೊದಲ ಪುಟಗಳಲ್ಲಿ ಒಬ್ಬ ಬಗ್ರಾತಿಯೊನಿ ಇದ್ದಾನೆ.

ಈಗ ಯಾರಿದ್ದಾರೆ?

1921ರಲ್ಲಿ ಕೆಂಪು ಸೇನೆ ಜಾರ್ಜಿಯಾಕ್ಕೆ ಬಂದ ಮೇಲೆ ಮನೆತನದ ಕೆಲವರು ಯುರೋಪಿಗೆ ಹೋದರು, ಕೆಲವರು ಅಲ್ಲೇ ಉಳಿದರು. ಹೋದವರಲ್ಲಿ ಮುಖ್ರಾನಿ ಕವಲಿನ ಲಿಯೊನೀದಾ ರಷ್ಯಾದ ರೊಮಾನೊವ್ ಮನೆಗೆ ಸೊಸೆಯಾದಳು. ಆಕೆಯ ಅಣ್ಣನ ಮಗ ಜಾರ್ಜ್ ಸ್ಪೇನ್‌ನಲ್ಲಿ ಕಾರ್ ರೇಸ್ ಓಡಿಸಿ, ರ್‍ಯಾಲಿಯಲ್ಲಿ ದೇಶದ ಚಾಂಪಿಯನ್ ಆದ. ಉಳಿದವರಲ್ಲಿ ಗ್ರುಜಿನ್‌ಸ್ಕಿ ಕವಲಿನ ಪೆತ್ರೆ ಕವಿಯಾಗಿ ಹೆಸರು ಮಾಡಿದ, ಸಿನಿಮಾ ಹಾಡು ಬರೆದ. ತ್ಬಿಲಿಸಿಯ ಅಂಗಡಿಯಲ್ಲಿ ಈಗ ಬಗ್ರಾತಿಯೊನಿ ಅಂತ ಕೇಳಿದರೆ ನೊರೆಯುಕ್ಕುವ ವೈನ್ ಬಾಟಲಿ ಕೊಡುತ್ತಾರೆ. ಮುಖ್ರಾನಿಯ ಒಬ್ಬ ರಾಜಕುಮಾರ 19ನೇ ಶತಮಾನದಲ್ಲಿ ಶುರುಮಾಡಿದ ಕಸುಬಿನ ನೆನಪಿಗೆ ಇಟ್ಟ ಹೆಸರು.

2007ರಲ್ಲಿ ಜಾರ್ಜಿಯನ್ ಚರ್ಚಿನ ಮುಖ್ಯಸ್ಥ ಎರಡನೆಯ ಇಲಿಯಾ ರಾಜಪದವಿ ಮತ್ತೆ ಬರಲಿ ಅಂದರು. ಯಾರು ರಾಜ ಅನ್ನುವುದೇ ಪ್ರಶ್ನೆಯಾಯಿತು. ಮುಖ್ರಾನಿಯವರು ಗಂಡು ಸಂತತಿಯಲ್ಲಿ ಹಿರಿಯರು. ಗ್ರುಜಿನ್‌ಸ್ಕಿಗಳು ಕೊನೆಯ ರಾಜನ ನೇರ ಸಂತತಿ, ಆದರೆ ಅವರಲ್ಲಿ ಇದ್ದದ್ದು ಹೆಣ್ಣುಮಕ್ಕಳು. 2009ರ ಫೆಬ್ರುವರಿ 8ರಂದು ಎರಡೂ ಕವಲುಗಳ ನಡುವೆ ತ್ಬಿಲಿಸಿಯ ದೊಡ್ಡ ಚರ್ಚಿನಲ್ಲಿ ಮದುವೆ ನಡೆಯಿತು. 2011ರಲ್ಲಿ ಗಂಡು ಮಗು ಹುಟ್ಟಿತು. ಮದುವೆ ಬಾಳಲಿಲ್ಲ. ಜಾರ್ಜಿಯಾ ಗಣರಾಜ್ಯವಾಗಿಯೇ ಇದೆ.

ಹಳೇ ಗೋವಾದ ಗೋಪುರ

ಕಾರವಾರ, ಬೆಳಗಾವಿ ಕಡೆಯವರು ಹಳೇ ಗೋವಾ ನೋಡದೆ ಇರುವುದು ಕಡಿಮೆ. ಅಲ್ಲಿ ಗುಡ್ಡದ ಮೇಲೆ ಅರ್ಧ ಕುಸಿದು ಒಂಟಿಯಾಗಿ ನಿಂತಿರುವ ಕೆಂಪು ಗೋಪುರ ಇದೆ, 46 ಮೀಟರ್ ಎತ್ತರ. ಅದು ಸಂತ ಆಗಸ್ಟೀನ್ ಚರ್ಚಿನದು. ಅಲ್ಲಿ ಫೋಟೊ ತೆಗೆಸಿಕೊಂಡು ಬಂದ ನಮ್ಮವರು ಬಗ್ರಾತಿಯೊನಿ ಮನೆಯ ಒಬ್ಬ ರಾಣಿಯ ಪಕ್ಕದಲ್ಲೇ ಹಾದು ಬಂದಿದ್ದಾರೆ.

ಅವಳ ಹೆಸರು ಕೆತೆವಾನ್. ಮುಖ್ರಾನಿ ಕವಲಿನ ಮಗಳು, ಕಾಖೇತಿಯ ರಾಜ ದಾವಿತ್‌ನ ಹೆಂಡತಿ. ತವರೂ ಬಗ್ರಾತಿಯೊನಿ, ಗಂಡನ ಮನೆಯೂ ಬಗ್ರಾತಿಯೊನಿ. ಗಂಡ 1602ರಲ್ಲಿ ಸತ್ತ. ಮೈದುನ ಕಾನ್‌ಸ್ಟಂಟೈನ್ 1605ರಲ್ಲಿ ತನ್ನ ಅಪ್ಪನನ್ನೂ ಅಣ್ಣನನ್ನೂ ಕೊಂದು ಸಿಂಹಾಸನ ಹಿಡಿದಾಗ ದಂಡು ಕಟ್ಟಿ ಅವನನ್ನು ಸೋಲಿಸಿದವಳು ಇವಳೇ. ಮಗ ತೈಮುರಾಜ್ ರಾಜನಾದ. 1614ರಲ್ಲಿ ಇರಾನಿನ ಷಾ ಅಬ್ಬಾಸ್ ದಂಡೆತ್ತಿ ಬಂದಾಗ ಸಂಧಿ ಮಾತಾಡಲು ಮಗನ ಪರವಾಗಿ ಹೋದಳು. ಷಾ ಅವಳನ್ನು ಒತ್ತೆಯಾಗಿ ಇಟ್ಟುಕೊಂಡ. ಹತ್ತು ವರ್ಷ ಕಳೆಯಿತು. ಧರ್ಮ ಬಿಡು ಅಂದರು, ಬಿಡಲಿಲ್ಲ. 1624ರ ಸೆಪ್ಟೆಂಬರ್‌ನಲ್ಲಿ ಶಿರಾಜ್‌ನಲ್ಲಿ ಕಾದ ಇಕ್ಕಳದಿಂದ ಹಿಂಸೆ ಕೊಟ್ಟು ಕೊಂದರು.

ಆಗ ಶಿರಾಜ್‌ನಲ್ಲಿ ಪೋರ್ಚುಗೀಸ್ ಆಗಸ್ಟೀನಿಯನ್ ಪಾದ್ರಿಗಳಿದ್ದರು. ಅವರು ಅವಳ ಎಲುಬುಗಳನ್ನು ಗುಟ್ಟಾಗಿ ತೆಗೆದು, ಒಂದಷ್ಟನ್ನು ಜಾರ್ಜಿಯಾಕ್ಕೆ ಮಗನ ಹತ್ತಿರ ಮುಟ್ಟಿಸಿದರು. ಒಂದಷ್ಟನ್ನು 1627ರಲ್ಲಿ ಗೋವಾಕ್ಕೆ ತಂದರು. ಜಾರ್ಜಿಯಾಕ್ಕೆ ಹೋದದ್ದು ಮುಂದೆ ಕಳೆದುಹೋಯಿತು. ಗೋವಾದ್ದು ಎಲ್ಲಿದೆ ಅಂತ ಪೋರ್ಚುಗೀಸ್ ಕಾಗದಗಳಲ್ಲಿ ಬರೆದಿತ್ತು: ಮಠದ ಸಭಾಕೋಣೆಯ ಎರಡನೇ ಕಿಟಕಿಯ ಹತ್ತಿರ, ಕಲ್ಲಿನ ಪೆಟ್ಟಿಗೆಯಲ್ಲಿ. ತೊಂದರೆ ಏನೆಂದರೆ ಕಿಟಕಿಯೇ ಉಳಿದಿರಲಿಲ್ಲ. ಪಾದ್ರಿಗಳು 1835ರಲ್ಲಿ ಜಾಗ ಬಿಟ್ಟಿದ್ದರು, 1842ರಲ್ಲಿ ಚರ್ಚಿನ ಚಾವಣಿ ಕುಸಿದಿತ್ತು. 1980ರ ದಶಕದ ಕೊನೆಯಿಂದ ಜಾರ್ಜಿಯಾದವರು ಬಂದು ಬಂದು ಹುಡುಕಿದರು. 2004ರಲ್ಲಿ ಭಾರತೀಯ ಪುರಾತತ್ವ ಇಲಾಖೆಯವರು ಆ ಕಿಟಕಿಯ ಜಾಗ ಗುರುತಿಸಿ ಅಗೆದಾಗ ಎಲುಬಿನ ಚೂರುಗಳು ಸಿಕ್ಕವು.

ಅದು ಅವಳದೇ ಅಂತ ಹೇಳುವುದು ಹೇಗೆ? ಚೂರುಗಳು ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯಕ್ಕೆ ಹೋದವು. 400 ವರ್ಷ ಗೋವಾದ ಮಳೆಯಲ್ಲಿ ನೆಂದ ಎಲುಬಿನಲ್ಲಿ ಓದಲು ಸಿಕ್ಕಿದ್ದು ಮೈಟೊಕಾಂಡ್ರಿಯದ ಡಿಎನ್‌ಎ. ಅದರ ಗುಂಪು ಯು1ಬಿ. ಭಾರತದ ಸಾವಿರಾರು ಜನರ ಮಾದರಿಗಳಲ್ಲಿ ಅದು ಇರಲಿಲ್ಲ, ಜಾರ್ಜಿಯಾದವರಲ್ಲಿ ಇತ್ತು. ಇದು ಬಹುಮಟ್ಟಿಗೆ ಕೆತೆವಾನ್‌ದೇ ಅಂತ ಅವರು ತೀರ್ಮಾನಕ್ಕೆ ಬಂದರು. 2021ರ ಜುಲೈನಲ್ಲಿ ವಿದೇಶಾಂಗ ಮಂತ್ರಿ ಎಸ್. ಜೈಶಂಕರ್ ತ್ಬಿಲಿಸಿಗೆ ಹೋಗಿ ಅದರ ಒಂದು ಭಾಗವನ್ನು ಜಾರ್ಜಿಯಾಕ್ಕೆ ಕೊಟ್ಟು ಬಂದರು.

ಮೈಟೊಕಾಂಡ್ರಿಯದ ಡಿಎನ್‌ಎ ಅಪ್ಪನಿಂದ ಬರುವುದಿಲ್ಲ. ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ, ಹೀಗೆ ಹೆಣ್ಣಿನ ದಾರಿಯಲ್ಲೇ ಇಳಿಯುತ್ತದೆ. ತವರು, ಗಂಡನ ಮನೆ ಎರಡೂ ಬಗ್ರಾತಿಯೊನಿ ಆಗಿದ್ದವಳನ್ನು ಕೊನೆಗೆ ಗುರುತು ಹಿಡಿದದ್ದು ಆ ಹೆಸರು ಒಂದು ಸಲವೂ ಹಾದು ಹೋಗದ ದಾರಿಯಿಂದ.